ನೆದರ್‌ಲ್ಯಾಂಡ್ಸ್‌ಗೆ ಹೊಸದಾಗಿ ಬಂದವರಿಗೆ: ಆರೋಗ್ಯ ವಿಮೆಯ ಲೆಕ್ಕಾಚಾರ

"ಆರೋಗ್ಯ ವಿಮೆಯನ್ನು ಕೆಲಸ ಕೊಟ್ಟ ಕಂಪನಿಯವರೇ ಮಾಡಿಸಿರುತ್ತಾರೆ ಬಿಡಿ." ಐಂಡ್‌ಹೋವನ್, ಆಮ್‌ಸ್ಟೆಲ್‌ವೇನ್ ಕಡೆ ಕೆಲಸಕ್ಕೆ ಬಂದವರ ಬಾಯಲ್ಲಿ ಈ ಮಾತು ಎಷ್ಟು ಸಲ ಬರುತ್ತದೋ ಲೆಕ್ಕವಿಲ್ಲ. ಬೆಂಗಳೂರಿನ ಆಫೀಸಿನಲ್ಲಿ ಅಪ್ಪ-ಅಮ್ಮನನ್ನೂ ಸೇರಿಸಿ ಗ್ರೂಪ್ ಮೆಡಿಕ್ಲೇಮ್ ಸಿಕ್ಕಿ ಅಭ್ಯಾಸವಾದವರಿಗೆ ಹಾಗನ್ನಿಸುವುದು ಸಹಜ. ಇಲ್ಲಿ ಹಾಗಿಲ್ಲ. ಪಾಲಿಸಿ ನಿಮ್ಮ ಹೆಸರಿನಲ್ಲಿ, ನೀವೇ ಆರಿಸಿ, ನಿಮ್ಮ ಬ್ಯಾಂಕ್ ಖಾತೆಯಿಂದ ಕಟ್ಟಬೇಕು. ಗೊಂದಲ ಹುಟ್ಟಿಸುವುದು ಸಂಬಳದ ಚೀಟಿಯಲ್ಲಿ ಕಾಣುವ 'ಝಡ್‌ವಿಡಬ್ಲ್ಯು' ಎಂಬ ಸಾಲು. ಅದು ಮಾಲೀಕರು ಸರ್ಕಾರದ ಆರೋಗ್ಯ ನಿಧಿಗೆ ಕಟ್ಟುವ ಪಾಲು; 2025ರಲ್ಲಿ ಸಂಬಳದ 6.51%, ಅದಕ್ಕೂ ಒಂದು ಮಿತಿಯುಂಟು. ಆ ಸಾಲು ಇದ್ದ ಮಾತ್ರಕ್ಕೆ ನಿಮಗೆ ವಿಮೆ ಇದೆ ಎಂದಲ್ಲ.

ಬಂದ ದಿನದಿಂದ ನಾಲ್ಕು ತಿಂಗಳೊಳಗೆ ಬೇಸಿಕ್ ವಿಮೆ ಮಾಡಿಸಲೇಬೇಕು. ಮೊದಲು ಖೆಮೇಂಟೆಯಲ್ಲಿ, ಅಂದರೆ ನಗರಸಭೆಯಲ್ಲಿ, ವಿಳಾಸ ನೋಂದಾಯಿಸಿ ಬಿಎಸ್‌ಎನ್ ಎಂಬ ನಾಗರಿಕ ಗುರುತಿನ ಸಂಖ್ಯೆ ಪಡೆಯಿರಿ, ಬ್ಯಾಂಕ್ ಖಾತೆ ತೆರೆಯಿರಿ, ಆಮೇಲೆ ವಿಮಾ ಕಂಪನಿಯ ವೆಬ್‌ಸೈಟಿನಲ್ಲಿ ಅರ್ಜಿ. ಹತ್ತು ಹದಿನೈದು ನಿಮಿಷದ ಕೆಲಸ. ಮೂರೂವರೆ ತಿಂಗಳು ಸುಮ್ಮನಿದ್ದು ಕೊನೆಗೆ ಮಾಡಿಸಿದರೆ ಅಷ್ಟು ತಿಂಗಳ ಪ್ರೀಮಿಯಂ ಉಳಿಯುತ್ತದೆ ಎಂದು ಕೆಲವರು ಲೆಕ್ಕ ಹಾಕುತ್ತಾರೆ. ಉಳಿಯುವುದಿಲ್ಲ. ನಾಲ್ಕು ತಿಂಗಳೊಳಗೆ ಮಾಡಿಸಿದರೆ ವಿಮೆಯೂ ಪ್ರೀಮಿಯಂ ಕೂಡ ಹಿಂದಿನಿಂದಲೇ, ಬಾಧ್ಯತೆ ಶುರುವಾದ ದಿನದಿಂದಲೇ, ಅನ್ವಯ. ನಾಲ್ಕು ತಿಂಗಳು ದಾಟಿದರೆ ಅರ್ಜಿ ಹಾಕಿದ ದಿನದಿಂದ ಮಾತ್ರ ರಕ್ಷಣೆ. ಅದಕ್ಕೆ ಮೊದಲಿನ ಆಸ್ಪತ್ರೆ ಬಿಲ್ಲು ಪೂರ್ತಿ ನಿಮ್ಮ ತಲೆಗೆ. ಸಿಎಕೆ ಎಂಬ ಸರ್ಕಾರಿ ಸಂಸ್ಥೆಯಿಂದ ಕಾಗದ ಬಂದ ಮೇಲೂ ಮೂರು ತಿಂಗಳು ಸುಮ್ಮನಿದ್ದರೆ ದಂಡ, ಮತ್ತೆ ಮೂರು ತಿಂಗಳಾದರೆ ಎರಡನೇ ದಂಡ. ಆಮೇಲೆ ಅವರೇ ಒಂದು ಪಾಲಿಸಿಗೆ ಸೇರಿಸಿ ಸಂಬಳದಿಂದ ಹಣ ಮುರಿದುಕೊಳ್ಳುತ್ತಾರೆ. ಆ ಕಾಗದ ಡಚ್ಚಿನಲ್ಲಿ ಬರುತ್ತದೆ. ಜಾಹೀರಾತೆಂದು ಬುಟ್ಟಿಗೆ ಹಾಕಬೇಡಿ.

ಇನ್ನು ಖರ್ಚು. 18 ದಾಟಿದ ಪ್ರತಿಯೊಬ್ಬರೂ ಬೇರೆ ಬೇರೆ ಪ್ರೀಮಿಯಂ ಕಟ್ಟಬೇಕು. ಮನೆಯಲ್ಲಿರುವ ಹೆಂಡತಿಗೋ ಗಂಡನಿಗೋ ದುಡಿಮೆ ಇಲ್ಲದಿದ್ದರೂ ರಿಯಾಯಿತಿ ಇಲ್ಲ. 2025ರಲ್ಲಿ ಒಬ್ಬರಿಗೆ ತಿಂಗಳಿಗೆ 160 ಯೂರೊ ಆಸುಪಾಸು ಎಂದಿಟ್ಟುಕೊಳ್ಳಿ. ಇಬ್ಬರಿಗೆ ವರ್ಷಕ್ಕೆ 3,840. ಇದರ ಮೇಲೆ 'ಐಖನ್ ರಿಸಿಕೊ', ಅಂದರೆ ವರ್ಷದ ಮೊದಲ 385 ಯೂರೊ ಚಿಕಿತ್ಸಾ ವೆಚ್ಚ ನಿಮ್ಮದೇ. ಇಬ್ಬರಿಗೂ ಪೂರ್ತಿ ತಗುಲಿದರೆ 770. ಹಾಗಾಗಿ ಕೆಟ್ಟ ವರ್ಷಕ್ಕೆ 4,610 ಯೂರೊ ತೆಗೆದಿಡಬೇಕು. ಮಕ್ಕಳಿಗೆ ಪ್ರೀಮಿಯಂ ಇಲ್ಲ, ಐಖನ್ ರಿಸಿಕೊ ಇಲ್ಲ, ಹಲ್ಲಿನ ಚಿಕಿತ್ಸೆಯೂ ಬಹುಪಾಲು ಉಚಿತ. ಆದರೆ ಮಗು ಹುಟ್ಟಿದ ನಾಲ್ಕು ತಿಂಗಳೊಳಗೆ ಹೆಸರು ಸೇರಿಸುವುದನ್ನು ಮರೆಯಬಾರದು.

ಐಖನ್ ರಿಸಿಕೊ ಎಲ್ಲಿ ಕಡಿತವಾಗುತ್ತದೆ ಎಂಬುದರಲ್ಲೇ ಎಲ್ಲರೂ ಎಡವುವುದು. ಹೌಸ್‌ಆರ್ಟ್ಸ್ ಎಂಬ ಕುಟುಂಬ ವೈದ್ಯರನ್ನು ಎಷ್ಟು ಸಲ ನೋಡಿದರೂ ಅದು ಲೆಕ್ಕಕ್ಕಿಲ್ಲ. (ಪ್ಯಾರಾಸಿಟಮಾಲ್ ನುಂಗಿ ಮಲಗಿ ಅಂದರೆ ಬೇಸರ ಮಾಡಿಕೊಳ್ಳಬೇಡಿ, ಎಲ್ಲರಿಗೂ ಅದೇ.) ಆದರೆ ಅದೇ ವೈದ್ಯರು ರಕ್ತ ಪರೀಕ್ಷೆಗೆ ಚೀಟಿ ಬರೆದುಕೊಟ್ಟರೆ ಅದರ ಬಿಲ್ಲು ಐಖನ್ ರಿಸಿಕೊಗೆ ಬೀಳುತ್ತದೆ. ಔಷಧ, ಸ್ಪೆಷಲಿಸ್ಟ್, ಆಂಬುಲೆನ್ಸ್ ಕೂಡ ಅಷ್ಟೇ. ಸೂಲಗಿತ್ತಿಯ ಆರೈಕೆ, ಹೆರಿಗೆ ಲೆಕ್ಕಕ್ಕಿಲ್ಲ. ಆದರೆ ಬಸಿರಿನಲ್ಲಿ ಮಾಡಿಸುವ ರಕ್ತ ಪರೀಕ್ಷೆ ಲೆಕ್ಕಕ್ಕಿದೆ. ತಿಂಗಳುಗಳ ಕಾಲ ನಡೆಯುವ ಆಸ್ಪತ್ರೆ ಚಿಕಿತ್ಸೆ ಯಾವ ವರ್ಷದ್ದು ಎನ್ನುವುದನ್ನು ಅದು ಶುರುವಾದ ದಿನವೇ ನಿರ್ಧರಿಸುತ್ತದೆ. ಡಿಸೆಂಬರ್ ಕೊನೆಯಲ್ಲಿ ಹೊಸ ಚಿಕಿತ್ಸೆಗೆ ಹೋಗಿ ಜನವರಿಯಲ್ಲಿ ಇನ್ನೊಂದಕ್ಕೆ ಹೋದರೆ ಎರಡು ವರ್ಷದ ಐಖನ್ ರಿಸಿಕೊ ಒಟ್ಟಿಗೆ ಬೀಳಬಹುದು. ಒಮ್ಮೆಲೇ ಕಟ್ಟಲು ಕಷ್ಟವಾದರೆ ಕಂತು ಕೇಳಿ, ಬಹುತೇಕ ಕಂಪನಿಗಳು ಕೊಡುತ್ತವೆ.

ಇಷ್ಟಪಟ್ಟು ಇನ್ನೂ 500 ಯೂರೊ ಹೊಣೆ ಹೊತ್ತು ಒಟ್ಟು 885ಕ್ಕೆ ಏರಿಸಿಕೊಂಡರೆ ಪ್ರೀಮಿಯಂ ಸ್ವಲ್ಪ ತಗ್ಗುತ್ತದೆ. ಉಳಿತಾಯದಲ್ಲಿ 885 ಸಿದ್ಧವಿರುವ ಗಟ್ಟಿಮುಟ್ಟಾದವರಿಗೆ ಸರಿ. ಮಗು ಬೇಕೆಂದುಕೊಂಡಿರುವವರು, ನಿತ್ಯ ಮಾತ್ರೆ ನುಂಗುವವರು ಆ ಕಡೆ ಹೋಗದಿರುವುದೇ ವಾಸಿ. ತೀರಾ ಅಗ್ಗದ 'ಬಜೆಟ್' ಪಾಲಿಸಿಯಲ್ಲಿ ಒಪ್ಪಂದವಿರುವ ಆಸ್ಪತ್ರೆಗಳು ಕಡಿಮೆ. ಬೇರೆ ಕಡೆ ಹೋದರೆ ಬಿಲ್ಲಿನ ಒಂದು ಭಾಗ ಕೈಯಿಂದ ಹೋಗುತ್ತದೆ. ಬೇಸಿಕ್ ವಿಮೆಯಲ್ಲಿ ಏನೇನು ಸೇರಬೇಕೆಂದು ಸರ್ಕಾರವೇ ನಿಗದಿ ಮಾಡಿರುವುದರಿಂದ ದುಬಾರಿ ಕಂಪನಿಯಲ್ಲಿ ಹೆಚ್ಚಿನ ಚಿಕಿತ್ಸೆಯೇನೂ ಸಿಗದು. ದೊಡ್ಡವರ ಹಲ್ಲಿಗೆ ಬೇಸಿಕ್‌ನಲ್ಲಿ ಸಾಮಾನ್ಯವಾಗಿ ಏನೂ ಇಲ್ಲ. ಹೆಚ್ಚುವರಿ ಪಾಲಿಸಿ ಬೇಕು, ಇಲ್ಲವೇ ರಜೆಗೆ ಊರಿಗೆ ಹೋದಾಗ ಮಾಡಿಸಿಕೊಳ್ಳಬೇಕು.

ಸಂಬಳ ಕಡಿಮೆಯಿದ್ದರೆ 'ಝೋರ್ಖ್‌ತೂಸ್ಲಾಖ್' ಎಂಬ ಸರ್ಕಾರಿ ಸಹಾಯಧನ ಕೇಳಬಹುದು. 2025ರಲ್ಲಿ ಒಂಟಿ ಇರುವವರ ವಾರ್ಷಿಕ ಆದಾಯ 39,719, ಜೋಡಿಯದು 50,206 ಯೂರೊ ಮೀರಬಾರದು. ತೆರಿಗೆ ಇಲಾಖೆಯ ತಾಣದಲ್ಲಿ ಡಿಜಿಡಿ ಎಂಬ ಸರ್ಕಾರಿ ಆನ್‌ಲೈನ್ ಲಾಗಿನ್ ಬಳಸಿ ಅರ್ಜಿ. ಆಸ್ತಿಗೂ ಮಿತಿಯಿದೆ, ಊರಿನ ಬ್ಯಾಂಕಿನ ಠೇವಣಿ, ಮೈಸೂರಿನ ಸೈಟು ಕೂಡ ಅದರಲ್ಲಿ ಬರುತ್ತದೆ. ವರ್ಷದ ನಡುವೆ ಸಂಬಳ ಏರಿತೋ, ಸಂಗಾತಿಗೆ ಕೆಲಸ ಸಿಕ್ಕಿತೋ, ಅಂದೇ ತಿದ್ದಿ. ಈ ಹಣ ಅಂದಾಜಿನ ಮೇಲೆ ಮುಂಗಡವಾಗಿ ಬರುವಂಥದ್ದು, ಹೆಚ್ಚಾದದ್ದನ್ನು ಆಮೇಲೆ ವಾಪಸ್ ಕೇಳುತ್ತಾರೆ. ಇದೇ ಇಲಾಖೆ ಮಕ್ಕಳ ಪಾಲನಾ ಸಹಾಯಧನದಲ್ಲಿ ಸಾವಿರಾರು ಕುಟುಂಬಗಳನ್ನು ವಂಚಕರೆಂದು ಹಿಂಡಿದ ಹಗರಣಕ್ಕೆ 2021ರ ಜನವರಿಯಲ್ಲಿ ಒಂದು ಸಂಪುಟವೇ ರಾಜೀನಾಮೆ ಕೊಟ್ಟಿದೆ. ದಾಖಲೆ ಇಟ್ಟುಕೊಳ್ಳಿ.

ಬಡವನಿಗೂ ಸಾಹುಕಾರನಿಗೂ ಒಂದೇ ಪ್ರೀಮಿಯಂ ಏಕೆ? 2006ಕ್ಕೆ ಮೊದಲು ಇಲ್ಲಿ ಕಡಿಮೆ ಸಂಬಳದವರಿಗೆ ಸಾರ್ವಜನಿಕ ನಿಧಿ, ಹೆಚ್ಚು ಸಂಬಳದವರಿಗೆ ಖಾಸಗಿ ವಿಮೆ ಇತ್ತು. ಆ ವರ್ಷದ ಜನವರಿ 1ರಿಂದ ಎರಡನ್ನೂ ಕೂಡಿಸಿ ಎಲ್ಲರಿಗೂ ಖಾಸಗಿ ಕಂಪನಿ, ಎಲ್ಲರಿಗೂ ಕಡ್ಡಾಯ ಎಂದರು. ಅದಕ್ಕೆ ಪ್ರತಿಯಾಗಿ ವಯಸ್ಸು, ಸಕ್ಕರೆ ಕಾಯಿಲೆ ನೋಡಿ ಬೇಸಿಕ್ ವಿಮೆ ನಿರಾಕರಿಸುವಂತಿಲ್ಲ, ಬೆಲೆ ಏರಿಸುವಂತಿಲ್ಲ. ನಮ್ಮವರಿಗೆ ಇದು ದೊಡ್ಡ ಲಾಭ. ಜಗಳವೆಲ್ಲ ಐಖನ್ ರಿಸಿಕೊ ಮೇಲೆ: 2008ರಲ್ಲಿ 150 ಇದ್ದದ್ದು 2013ಕ್ಕೆ 350 ಆಯಿತು, 2016ಕ್ಕೆ 385. 2024ರ ಸಮ್ಮಿಶ್ರ ಸರ್ಕಾರ 2027ಕ್ಕೆ 165ಕ್ಕೆ ಇಳಿಸುತ್ತೇನೆಂದು ಹೊರಟಿತು; 2025ರ ಜೂನ್‌ನಲ್ಲಿ ಸರ್ಕಾರವೇ ಬಿತ್ತು. ಯಾವ ಪಕ್ಷ ಇಳಿಸುತ್ತೇನೆಂದರೂ ಪ್ರೀಮಿಯಂ ಎಷ್ಟೇರುತ್ತದೆ ಎಂದು ಕೇಳಿ. ಐಖನ್ ರಿಸಿಕೊ ಇಳಿದರೆ ಆ ಭಾರ ಹೆಚ್ಚಾಗಿ ಬೀಳುವುದು ಪ್ರೀಮಿಯಂ ಮೇಲೇ. ಸೆಪ್ಟೆಂಬರ್‌ನ ಮೂರನೇ ಮಂಗಳವಾರ ಬಜೆಟ್‌ನಲ್ಲಿ ಅಂದಾಜು ಹೊರಬೀಳುತ್ತದೆ, ನವೆಂಬರ್ 12ರೊಳಗೆ ಕಂಪನಿಗಳು ಬೆಲೆ ಹೇಳಬೇಕು. ಡಿಸೆಂಬರ್ 31ರೊಳಗೆ ಹಳೆಯದನ್ನು ರದ್ದು ಮಾಡಿದವರು ಜನವರಿ 31ರವರೆಗೆ ಹೊಸದನ್ನು ಆರಿಸಿಕೊಳ್ಳಬಹುದು.

ಓದಲೆಂದೇ ಬಂದ ವಿದ್ಯಾರ್ಥಿಗಳಿಗೆ ಈ ಬೇಸಿಕ್ ವಿಮೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ, ವಿದ್ಯಾರ್ಥಿ ಪಾಲಿಸಿ ಸಾಕು. ಆದರೆ ಸೂಪರ್‌ಮಾರ್ಕೆಟ್ಟಿನಲ್ಲಿ ವಾರಕ್ಕೆ ಕೆಲವೇ ಗಂಟೆ ಸಂಬಳಕ್ಕೆ ದುಡಿದರೂ ಕಡ್ಡಾಯ. ಮಾಡಿಸದಿದ್ದರೆ ದಂಡದ ಕಾಗದ ಇವರಿಗೂ ಬರಬಹುದು.

ನೋಡಲು ಬರುವ ಅಪ್ಪ-ಅಮ್ಮನನ್ನು ನಿಮ್ಮ ಪಾಲಿಸಿಗೆ ಸೇರಿಸಲಾಗದು. ಅವರಿಗೆ ಕನಿಷ್ಠ 30,000 ಯೂರೊ ಮೊತ್ತದ ಷೆಂಗನ್ ಪ್ರಯಾಣ ವಿಮೆ ಬೇಕು. ದೇಶ ಬಿಟ್ಟು ಹೊರಡುವಾಗ ಖೆಮೇಂಟೆಯಲ್ಲಿ ಹೆಸರು ತೆಗೆಸಿ, ಆ ಪತ್ರವನ್ನು ವಿಮಾ ಕಂಪನಿಗೆ ಕಳಿಸಿ ಪಾಲಿಸಿ ನಿಲ್ಲಿಸಿ. ಬ್ಯಾಂಕ್ ಖಾತೆ ಮುಚ್ಚುವುದು ಅದಾದ ಮೇಲೆ, ಕೊನೆಯ ಐಖನ್ ರಿಸಿಕೊ ಬಿಲ್ಲು ತಡವಾಗಿಯೇ ಬರುವುದು.