ಮೊದಲ ಈಡು ಕೊನೆಗೂ ಕೈಗೆ ಹತ್ತಿತು

"ಅದನ್ನು ಮಾರಿಬಿಡು, ಸ್ಟ್ರೈಕರ್ ಪಿಸ್ತೂಲು ತಗೋ." ಹೀಗೆ ಹೇಳದವರೇ ಇಲ್ಲ. ಸ್ಟ್ರೈಕರ್ ಅಂದರೆ ಎಲ್ಲ ಈಡಿಗೂ ಟ್ರಿಗರ್ ಎಳೆತ ಹೆಚ್ಚುಕಮ್ಮಿ ಒಂದೇ ಇರುವ ಪಿಸ್ತೂಲು. ಜೊತೆಯಲ್ಲಿ ಗುರಿ ಹೊಡೆಯುವವರು, ಕಲಿಸಿದವರು, ಸುಮ್ನೆ ನೋಡಲು ಬಂದವರು, ಎಲ್ಲರದ್ದೂ ಒಂದೇ ರಾಗ. ನನ್ನದು ಡಿಎ/ಎಸ್‌ಎ ಪಿಸ್ತೂಲು. ಮೊದಲ ಈಡು ಡಬಲ್ ಆ್ಯಕ್ಷನ್, ಆಮೇಲಿನದ್ದೆಲ್ಲ ಸಿಂಗಲ್. ಆಮೇಲಿನವು ಒಂದರ ಪಕ್ಕ ಒಂದು ಬೀಳುತ್ತಿದ್ದವು. ಮೊದಲನೆಯದು ಮಾತ್ರ 10 ಮೀಟರಿನಲ್ಲೇ ಒಂದು ಗೇಣು ಕೆಳಗೆ, ಎಡಕ್ಕೆ. ಹೀಗೆ ಹತ್ತಿರ ಹತ್ತಿರ ಎರಡು ವರ್ಷ ಕಳೆಯಿತು.

ಸಿಂಗಲ್ ಆ್ಯಕ್ಷನ್ನಿನಲ್ಲಿ ಟ್ರಿಗರ್ ಆಗಲೇ ಎದ್ದಿರುವ ಹ್ಯಾಮರನ್ನು, ಅಂದರೆ ಏಟು ಕೊಡುವ ಸುತ್ತಿಗೆಯನ್ನು, ಬಿಡಿಸುತ್ತದೆ, ಅಷ್ಟೇ. ಡಬಲ್‌ನಲ್ಲಿ ಅದೇ ಟ್ರಿಗರ್ ಹ್ಯಾಮರನ್ನು ಹಿಂದಕ್ಕೆ ಎತ್ತಿ, ಆಮೇಲೆ ಬಿಡಿಸಬೇಕು. ಇದು ನಿಮಗೆಲ್ಲ ಗೊತ್ತು. ಆದರೆ ಎಷ್ಟು ಭಾರ ಅಂತ ಯಾವತ್ತಾದರೂ ತೂಗಿ ನೋಡಿದ್ದೀರಾ? ನಾನು ಖಾಲಿ ಪಿಸ್ತೂಲಿನ ನಳಿಗೆಯನ್ನು ಮೇಲಕ್ಕೆ ಮಾಡಿ, ಟ್ರಿಗರ್‌ಗೆ ದಾರ ಕಟ್ಟಿ, ದಾರಕ್ಕೆ ನೀರಿನ ಕ್ಯಾನ್ ತೂಗುಹಾಕಿದೆ. ಒಂದು ಲೀಟರ್ ಅಂದರೆ ಒಂದು ಕಿಲೋ, ಲೆಕ್ಕ ಸುಲಭ. ಸಿಂಗಲ್ ಎರಡು ಕಿಲೋ ದಾಟಿದ ಕೂಡಲೇ ಬಿಟ್ಟಿತು. ಡಬಲ್‌ಗೆ ಐದು ಲೀಟರ್ ಹತ್ತಿರ ಸುರಿಯಬೇಕಾಯಿತು. ಇಡೀ ಪಿಸ್ತೂಲೇ ಒಂದು ಕಿಲೋ ತೂಗುತ್ತದೆ. ಒಂದು ಕಿಲೋ ವಸ್ತುವನ್ನು ಅಲುಗಾಡದಂತೆ ಹಿಡಿದು, ಅದರ ಮೇಲೆ ಐದು ಕಿಲೋ ಬಲ ಹಾಕಬೇಕು. ಗುರಿ ತಪ್ಪದೆ ಇನ್ನೇನಾಗುತ್ತದೆ?

ಹಾಗಾದರೆ ಭಾರ ಇಳಿಸೋಣ ಅಂದುಕೊಂಡೆ. ದುಡ್ಡು ಸುಟ್ಟಿದ್ದು ಇಲ್ಲೇ. ಹಗುರದ ಮೇನ್‌ಸ್ಪ್ರಿಂಗ್ ಹಾಕಿಸಿದೆ. ಟ್ರಿಗರ್ ನಾಲ್ಕು ಕಿಲೋಗೆ ಇಳಿಯಿತು, ನಾನೂ ಒಳಗೊಳಗೇ ಬೀಗಿದೆ. ರೇಂಜಿಗೆ ಹೋದರೆ ಹತ್ತರಲ್ಲಿ ಒಂದು ಟುಸ್. ಹ್ಯಾಮರಿಗೆ ಏಟಿನ ಬಲ ಬರುವುದೇ ಆ ಸ್ಪ್ರಿಂಗಿನಿಂದ. ಅದು ಸೊರಗಿದರೆ ತೋಟಾದ ಬುಡದ ಪ್ರೈಮರ್ (ಕಿಡಿ ಹೊತ್ತಿಸುವ ಮದ್ದು) ಮೇಲೆ ಸುಮ್ನೆ ಒಂದು ಚುಕ್ಕೆ ಬೀಳುತ್ತದೆ, ಗುಂಡು ಹಾರುವುದಿಲ್ಲ. ಟುಸ್ ಆದದ್ದೂ ಹೆಚ್ಚಾಗಿ ಡಬಲ್ ಈಡೇ. ಹಳೇ ಸ್ಪ್ರಿಂಗ್ ವಾಪಸ್ ಹಾಕಿಸಿದೆ. ಆಮೇಲೆ ಗ್ರಿಪ್ ಬದಲಿಸಿದೆ, ಗುರಿ ನೋಡುವ ಸೈಟ್ ಬದಲಿಸಿದೆ. ಒಟ್ಟು ಖರ್ಚು ಪಿಸ್ತೂಲಿನ ಬೆಲೆಯ ಮೂರನೇ ಒಂದು ಭಾಗ ಇರಬಹುದು. ಮೊದಲ ಈಡು ಕೆಳಗೇ ಬೀಳುತ್ತಿತ್ತು.

ಸ್ಟೇಜಿಂಗ್ ಕೂಡ ಮಾಡಿ ನೋಡಿದೆ. ಅಂದರೆ ಟ್ರಿಗರನ್ನು ಮುಕ್ಕಾಲು ಎಳೆದು, ಗೋಡೆಗೆ ತಾಗಿದ ಹಾಗೆ ಎಳೆತ ಗಟ್ಟಿಯಾದ ಕಡೆ ನಿಂತು, ಗುರಿ ಸರಿಮಾಡಿಕೊಂಡು ಉಳಿದದ್ದನ್ನು ಎಳೆಯುವುದು. ನಿಧಾನಕ್ಕೆ ಹೊಡೆಯುವಾಗ ಚೆಂದ. ಟೈಮರ್ ಬೀಪ್ ಅಂದ ಮೇಲೆ ಆ ಉಳಿದ ಕಾಲು ಭಾಗವನ್ನು ನಾವು ಎಳೆಯುವುದಿಲ್ಲ, ಕಿತ್ತುಕೊಳ್ಳುತ್ತೇವೆ. ಹೆಬ್ಬೆರಳಿನಲ್ಲಿ ಹ್ಯಾಮರ್ ಎತ್ತಿಟ್ಟುಕೊಂಡು ಹೊಡೆ ಅಂತ ಒಬ್ಬರು ಹೇಳಿದರು. ಐಪಿಎಸ್‌ಸಿ ಶೂಟಿಂಗ್ ಸ್ಪರ್ಧೆಯ ಪ್ರೊಡಕ್ಷನ್ ವಿಭಾಗದಲ್ಲಿ ಹ್ಯಾಮರ್ ಪೂರ್ತಿ ಇಳಿಸಿಯೇ ನಿಲ್ಲಬೇಕು ಅನ್ನುವುದು ಅವರಿಗೆ ಮರೆತಿತ್ತು.

ದಾರಿ ಸಿಕ್ಕಿದ್ದು ಒಂದು ಸಣ್ಣ ಲೆಕ್ಕದಿಂದ. ಆರು ತಿಂಗಳಲ್ಲಿ ಸುಮಾರು 3,000 ತೋಟಾ ಮುಗಿಸಿದ್ದೆ. ಮ್ಯಾಗಜಿನ್‌ಗೆ 15 ಹಿಡಿಯುತ್ತದೆ. ಪ್ರತಿ ಸಲ ತುಂಬಿ ಪೂರ್ತಿ ಖಾಲಿ ಮಾಡುತ್ತಿದ್ದೆ. ಅದರಲ್ಲಿ ಡಬಲ್ ಈಡು ಎಷ್ಟು? 200! ಉಳಿದ 2,800 ತೋಟಾ ನನಗೆ ಆಗಲೇ ಬರುತ್ತಿದ್ದ ಕೆಲಸಕ್ಕೆ ಹೋಗಿತ್ತು. ಬರದೇ ಇದ್ದದ್ದನ್ನು ನಾನು ಅಭ್ಯಾಸವೇ ಮಾಡಿರಲಿಲ್ಲ.

ಅವತ್ತಿನಿಂದ ರೇಂಜಿನಲ್ಲಿ ಒಂದೇ ನಿಯಮ. ಒಂದು ಈಡು, ಎದ್ದ ಹ್ಯಾಮರನ್ನು ಇಳಿಸುವ ಡಿಕಾಕರ್ ಒತ್ತು, ಪಿಸ್ತೂಲು ಕೆಳಗಿಳಿಸು, ಮತ್ತೆ ಒಂದು ಈಡು. 50 ತೋಟಾದಲ್ಲಿ 50 ಡಬಲ್. ಮನೆಯಲ್ಲಿ ದಿನಾ ರಾತ್ರಿ ನೂರು ಸಲ ಡ್ರೈ ಫೈರ್, ಅಂದರೆ ತೋಟಾ ಇಲ್ಲದೆ ಟ್ರಿಗರ್ ಎಳೆಯುವುದು. ತೋಟಾ ಬೇರೆ ಕೋಣೆಯಲ್ಲಿ, ಚೇಂಬರಿನಲ್ಲಿ ಸ್ನ್ಯಾಪ್ ಕ್ಯಾಪ್ ಅನ್ನುವ ಡಮ್ಮಿ ತೋಟಾ, ಫ್ರಂಟ್ ಸೈಟ್ ಮೇಲೆ ಅಲುಗಿದರೆ ಬೀಳುವಂತೆ ಒಂದು ನಾಣ್ಯ. ಸ್ಟ್ರೈಕರ್‌ನವರು ಹೆಚ್ಚಾಗಿ ಪ್ರತಿ ಕ್ಲಿಕ್ಕಿಗೂ ಮೇಲಿನ ಜಾರುವ ಭಾಗ, ಅಂದರೆ ಸ್ಲೈಡ್, ಜಗ್ಗಬೇಕು. ನನ್ನದಕ್ಕೆ ಆ ಗೋಳಿಲ್ಲ, ಟ್ರಿಗರೇ ಹ್ಯಾಮರ್ ಎತ್ತುತ್ತದೆ. ಮಾರಿಬಿಡು ಅಂದವರಿಗೆ ಇದನ್ನು ಎರಡೆರಡು ಸಲ ಹೇಳಿದ್ದೇನೆ.

ಮೊದಲ ವಾರ ನಾಣ್ಯದ ಸದ್ದು ಕೇಳಿ ಮನೆಯವರಿಗೆ ನಿದ್ದೆ ಇಲ್ಲ. ಬೆರಳಿನ ತುದಿ ಬಿಟ್ಟು ಮೊದಲ ಗೆಣ್ಣಿನ ಹತ್ತಿರ ಟ್ರಿಗರ್ ತಂದುಕೊಂಡ ಮೇಲೆ ಅರ್ಧ ಸದ್ದು ನಿಂತಿತು. ಇನ್ನರ್ಧ ನಿಂತದ್ದು ಎಳೆತ ಶುರುಮಾಡುವ ಹೊತ್ತು ಬದಲಿಸಿದ ಮೇಲೆ. ಕೈ ಪೂರ್ತಿ ಚಾಚಿ, ಸೈಟ್ ನೋಡಿ, ಆಮೇಲೆ ಎಳೆಯಲು ಹೋದರೆ ಅವಸರ ಆಗುತ್ತದೆ. ನಳಿಗೆ ಗುರಿಯ ಕಡೆ ನೆಟ್ಟಗೆ ತಿರುಗಿತು ಅಂದ ಕೂಡಲೇ, ಕೈ ಇನ್ನೂ ಮುಂದೆ ಹೋಗುತ್ತಿರುವಾಗಲೇ ಎಳೆತ ಶುರು. ನಡುವೆ ಎಲ್ಲೂ ನಿಲ್ಲಬಾರದು. ಎಣ್ಣೆ ಸುರಿದ ಹಾಗೆ ಒಂದೇ ಧಾರೆ. ಕೈ ಚಾಚಿ ಮುಗಿಯುವುದಕ್ಕೂ ಹ್ಯಾಮರ್ ಬೀಳುವುದಕ್ಕೂ ಸರಿಹೋಗಬೇಕು. ಎಡಗೈ ಕಿರುಬೆರಳಿನದ್ದೂ ಒಂದು ಕೆಲಸ ಇದೆ. ಅದನ್ನು ಇಲ್ಲಿ ಹೇಳುವುದಿಲ್ಲ, ಎರಡು ವರ್ಷ ಕೊಟ್ಟು ಕಲಿತದ್ದು.

ಮಧ್ಯೆ ಎರಡು ತಿಂಗಳು ರಿವಾಲ್ವರ್ ಹುಚ್ಚು ಹತ್ತಿತ್ತು. ಎಲ್ಲ ಈಡೂ ಡಬಲ್, ತಪ್ಪಿಸಿಕೊಳ್ಳಲು ಜಾಗವೇ ಇಲ್ಲ. ಆ ರಿವಾಲ್ವರಿನಲ್ಲಿ ಎಳೆತ ಕೊನೆಗೆ ಬರುತ್ತಾ ಬರುತ್ತಾ ಭಾರ ಏರುತ್ತಿತ್ತು, ಸ್ಟ್ಯಾಕಿಂಗ್ ಅನ್ನುತ್ತೇವಲ್ಲ, ಅದು. ಬೆರಳಿಗೆ ಒಳ್ಳೇ ವ್ಯಾಯಾಮ. ಆಗಲೇ ಹಳೆಯದನ್ನೂ ಒಂದಿಷ್ಟು ಓದಿಕೊಂಡೆ. ರಾಬರ್ಟ್ ಆಡಮ್ಸ್‌ನ 1851ರ ರಿವಾಲ್ವರ್ ಬರೀ ಡಬಲ್ ಆ್ಯಕ್ಷನ್. ಸಾವಕಾಶವಾಗಿ ಗುರಿಯಿಟ್ಟು ಹೊಡೆಯುವವರಿಗೆ ಅದು ಕಷ್ಟ. 1856ರ ಹೊತ್ತಿಗೆ ಬಂದ ಬೋಮಾಂಟ್-ಆಡಮ್ಸ್‌ನಲ್ಲಿ ಎರಡೂ ಸೇರಿದವು. 1873ರ ಕೋಲ್ಟ್ ರಿವಾಲ್ವರ್ ಮತ್ತೆ ಬರೀ ಸಿಂಗಲ್. ಅದರ ಫೈರಿಂಗ್ ಪಿನ್, ಅಂದರೆ ಪ್ರೈಮರಿಗೆ ಚುಚ್ಚುವ ಮೊಳೆ, ಹ್ಯಾಮರಿಗೇ ಅಂಟಿಕೊಂಡಿರುತ್ತದೆ; ಹ್ಯಾಮರಿಗೆ ಏಟು ಬಿದ್ದರೆ ಗುಂಡು ಹಾರಿಬಿಡಬಹುದು. ಅದಕ್ಕೇ ಬಲ್ಲವರು ಆರರ ಜಾಗದಲ್ಲಿ ಐದೇ ತುಂಬಿ, ಹ್ಯಾಮರನ್ನು ಖಾಲಿ ಚೇಂಬರಿನ ಮೇಲೆ ಇಳಿಸುತ್ತಿದ್ದರು.

ಈ ಪದಗಳ ಗೊಂದಲ ಬೇರೆ. ಸಿಂಗಲ್ ಆ್ಯಕ್ಷನ್ ಅಂದರೆ ಒಂದೊಂದೇ ಗುಂಡು ಹಾಕುವುದು ಅಂದುಕೊಂಡವರನ್ನು ನೋಡಿದ್ದೇನೆ. 1911 ಪಿಸ್ತೂಲು ಕೂಡ ಸಿಂಗಲ್ಲೇ, ಆ ಹಳೇ ಕೋಲ್ಟೂ ಸಿಂಗಲ್ಲೇ. ಒಂದರಲ್ಲಿ ಪ್ರತಿ ಈಡಿನ ನಂತರ ಸ್ಲೈಡ್ ಹ್ಯಾಮರ್ ಎತ್ತುತ್ತದೆ, ಇನ್ನೊಂದರಲ್ಲಿ ಹೆಬ್ಬೆರಳು. ನಮ್ಮ ಹಳಬರು ಬಂದೂಕಿನ ಹ್ಯಾಮರಿಗೆ ಕುದುರೆ ಅನ್ನುತ್ತಿದ್ದರು. ಅದನ್ನೇ ಇಟ್ಟುಕೊಂಡು ನಾನು ಹೊಸಬರಿಗೆ ಹೇಳುವುದು ಹೀಗೆ: ಬೆರಳು ಕುದುರೆಯನ್ನು ಬರೀ ಬಿಟ್ಟರೆ ಸಿಂಗಲ್, ತಾನೇ ಎಬ್ಬಿಸಿ ಬಿಟ್ಟರೆ ಡಬಲ್. ತಕ್ಷಣ ಹಿಡಿದುಕೊಳ್ಳುತ್ತಾರೆ.

ನಾಲ್ಕು ತಿಂಗಳ ಮೇಲೆ ಲೆಕ್ಕ ಇಷ್ಟು. 10 ಮೀಟರಿನಲ್ಲಿ ಮೊದಲ ಈಡು ಉಳಿದವುಗಳ ಜೊತೆಯಲ್ಲೇ, ಅಂಗೈಯಷ್ಟು ಜಾಗದಲ್ಲಿ. ಬೀಪ್‌ನಿಂದ ಮೊದಲ ಈಡಿಗೆ ಎರಡು ಸೆಕೆಂಡ್ ದಾಟುತ್ತಿದ್ದದ್ದು ಈಗ ಒಂದೂವರೆ ಚಿಲ್ಲರೆ. ಮಾರಿಬಿಡು ಅಂತ ಎಲ್ಲರಿಗಿಂತ ಜಾಸ್ತಿ ಹೇಳುತ್ತಿದ್ದವರು ಹೋದ ವಾರ ನನ್ನ ಪಿಸ್ತೂಲು ಕೇಳಿ ತಗೊಂಡು ಒಂದು ಮ್ಯಾಗಜಿನ್ ಹೊಡೆದರು. ಅವರ ಮೊದಲ ಈಡು ಎಲ್ಲಿ ಬಿತ್ತು ಅಂತ ನಾನು ಯಾರಿಗೂ ಹೇಳಿಲ್ಲ.

ಈಗ ಎಡಗೈ ಒಂದರಲ್ಲೇ ಶುರುಮಾಡಿದ್ದೇನೆ. ಹತ್ತಕ್ಕೆ ಏಳು ಸಲ ನಾಣ್ಯ ನೆಲದ ಮೇಲೆ.