ಎಲ್‌ಇಡಿ ಹಾಕಿದ ಮೇಲೆ ಇಂಡಿಕೇಟರ್‌ಗೆ ಇಷ್ಟು ಅವಸರವೇಕೆ?

ಚೌತಿಗೆ ಊರಿಗೆ ಹೊರಡುವ ಮುನ್ನ ಕಾರಿನ ಇಂಡಿಕೇಟರ್‌ಗೆ ಎಲ್‌ಇಡಿ ಬಲ್ಬ್ ಹಾಕಿಸುವ ಮುಂಬಯಿಗರು ಕಡಿಮೆಯೇನಿಲ್ಲ. ಜಡಿಮಳೆಯಲ್ಲೂ ಬೆಳಕು ಎದ್ದು ಕಾಣುತ್ತದೆ, ಅದು ನಿಜ. ಆದರೆ ಮೊದಲ ತಿರುವಿನಲ್ಲೇ ಡ್ಯಾಶ್‌ಬೋರ್ಡಿನ ಬಾಣದ ಗುರುತು ಎರಡು ಪಟ್ಟು ವೇಗದಲ್ಲಿ ಮಿಟುಕತೊಡಗುತ್ತದೆ. ಬಲ್ಬ್ ಕೆಟ್ಟಿರುವುದಿಲ್ಲ, ಕೆಟ್ಟಿದೆ ಎಂದು ಕಾರು ತಿಳಿದುಕೊಂಡಿರುತ್ತದೆ.

ಹಳೆಯ ಬಲ್ಬ್ 21 ವಾಟಿನದು. 12 ವೋಲ್ಟಿನಲ್ಲಿ ಅದು ಸುಮಾರು 1.75 ಆಂಪ್ ಎಳೆಯುತ್ತದೆ. ಹೆಚ್ಚಿನ ಎಲ್‌ಇಡಿಗಳಿಗೆ ಅರ್ಧ ಆಂಪ್ ಕೂಡ ಬೇಡ. ಕರೆಂಟ್ ಇಷ್ಟು ಇಳಿದರೆ, ಇಂಡಿಕೇಟರನ್ನು ಮಿಟುಕಿಸುವ ಫ್ಲ್ಯಾಶರ್ ರಿಲೇ ‘ಒಂದು ಬಲ್ಬ್ ಹೋಗಿದೆ’ ಎಂದುಕೊಂಡು ವೇಗ ಹೆಚ್ಚಿಸುತ್ತದೆ. ಇಂಡಿಕೇಟರ್ ನಿಮಿಷಕ್ಕೆ 60ರಿಂದ 120 ಸಲ ಮಿಟುಕಬೇಕೆಂಬುದು ನಿಯಮ. ಗಡಿಯಾರ ಹಿಡಿದು 15 ಸೆಕೆಂಡ್ ಎಣಿಸಿ. 30ಕ್ಕಿಂತ ಹೆಚ್ಚಾದರೆ ರಿಪೇರಿ ಬೇಕೆಂದೇ ಅರ್ಥ.

ಇದಕ್ಕೆ ಒಂದು ಮದ್ದು ಲೋಡ್ ರೆಸಿಸ್ಟರ್, ಅಂದರೆ ಹಳೆಯ ಬಲ್ಬಿನಷ್ಟು ಕರೆಂಟ್ ಎಳೆದು ಎಲ್ಲ ಸರಿಯಿದೆ ಎಂದು ಕಾರನ್ನು ನಂಬಿಸುವ ಬಿಡಿಭಾಗ. ಅದನ್ನು ಕೊಳ್ಳುವ ಮೊದಲು ನಿಮ್ಮ ಕಾರಿನಲ್ಲಿ ಫ್ಲ್ಯಾಶರ್ ರಿಲೇ ಬೇರೆಯೇ ಇದೆಯೇ ನೋಡಿ. ಹಳೆಯ ಕಾರುಗಳಲ್ಲಿ ಅದು ಫ್ಯೂಸ್ ಬಾಕ್ಸಿನಲ್ಲೋ ಸ್ಟಿಯರಿಂಗ್ ಕೆಳಗೋ ಇರುವ ಚಿಕ್ಕ ಡಬ್ಬಿ. ಕೈಯಿಟ್ಟರೆ ಒಳಗಿನ ಟಿಕ್‌ಟಿಕ್ ಬೆರಳಿಗೇ ತಿಳಿಯುತ್ತದೆ. ಅದನ್ನು ಕಿತ್ತು, ಅದೇ ಪಿನ್ನುಗಳಿರುವ ಎಲ್‌ಇಡಿ ಫ್ಲ್ಯಾಶರ್ ಕೂರಿಸಿದರೆ ಕೆಲಸ ಅಲ್ಲಿಗೇ ಮುಗಿಯಿತು. ಬಿಸಿಯಿಲ್ಲ, ವಾಯರ್ ಕತ್ತರಿಸುವ ತಾಪತ್ರಯವೂ ಇಲ್ಲ. ಹೊಸ ಕಾರುಗಳಲ್ಲಿ ಮಿಟುಕಿಸುವ ಕೆಲಸ ಕಂಪ್ಯೂಟರಿನದು, ಬದಲಿಸಲು ರಿಲೇಯೇ ಇರುವುದಿಲ್ಲ. ಅಂಥ ಕಡೆ ಲೋಡ್ ರೆಸಿಸ್ಟರ್ ಹಾಕುವುದೇ ಸಾಮಾನ್ಯ ದಾರಿ.

ಲ್ಯಾಮಿಂಗ್ಟನ್ ರೋಡಿನಲ್ಲೋ ಕುರ್ಲಾದ ಸಿಎಸ್‌ಟಿ ರೋಡಿನಲ್ಲೋ, ಪುಣೆಯವರಾದರೆ ನಾನಾ ಪೇಠೆಯಲ್ಲೋ ‘6 ಓಮ್, 50 ವಾಟ್’ ಎಂದು ಕೇಳಿ. ಬಂಗಾರ ಬಣ್ಣದ ಅಲ್ಯೂಮಿನಿಯಂ ಕವಚ, ಎರಡು ತುದಿಯಲ್ಲಿ ಸ್ಕ್ರೂ ಕಿವಿಗಳು, ಮೈಮೇಲೆ ‘50W 6RJ’ ಎಂಬ ಅಚ್ಚು. ಮಲ್ಟಿಮೀಟರ್ ಇಟ್ಟರೆ 5.7ರಿಂದ 6.3 ಓಮ್ ತೋರಿಸಬೇಕು. ಬದಲಿಸಿದ ಒಂದೊಂದು ಬಲ್ಬಿಗೂ ಒಂದೊಂದು. ಹಿಂದಿನ ಎರಡನ್ನು ಮಾತ್ರ ಬದಲಿಸಿದ್ದರೆ ಎರಡೇ ಸಾಕು. ಜೊತೆಗೆ 1 ಚದರ ಮಿಲಿಮೀಟರ್ ವಾಯರ್, ಹೀಟ್ ಶ್ರಿಂಕ್ ಸ್ಲೀವ್ (ಬಿಸಿ ತಾಗಿದರೆ ವಾಯರಿಗೆ ಬಿಗಿದುಕೊಳ್ಳುವ ಕೊಳವೆ), ಕಳಚಿಕೊಳ್ಳದ ನಟ್ ಇರುವ ಸಣ್ಣ ಬೋಲ್ಟುಗಳು.

ಬ್ಯಾಟರಿಯ ನೆಗೆಟಿವ್ ಕಳಚುವ ಮೊದಲೇ ಇಂಡಿಕೇಟರಿನ ವಾಯರ್ ಗುರುತಿಸಿಕೊಳ್ಳಿ. ಇಂಡಿಕೇಟರ್ ಹಾಕಿ, ಮೀಟರಿನ ಕಪ್ಪು ಕಡ್ಡಿ ಬಾಡಿಗೆ, ಕೆಂಪು ಕಡ್ಡಿ ಹೋಲ್ಡರಿನ ವಾಯರಿಗೆ. ಸೊನ್ನೆಗೂ ಹನ್ನೆರಡಕ್ಕೂ ಜಿಗಿದಾಡುವುದೇ ನಮಗೆ ಬೇಕಾದ್ದು. ಒಂದೇ ಹೋಲ್ಡರಿನಲ್ಲಿ ಪಾರ್ಕಿಂಗ್ ಲೈಟಿನ ವಾಯರೂ ಇದ್ದರೆ ಎಚ್ಚರ. ತಪ್ಪಿ ಅದಕ್ಕೆ ಜೋಡಿಸಿದರೆ ಪಾರ್ಕಿಂಗ್ ಲೈಟ್ ಉರಿಯುವಷ್ಟು ಹೊತ್ತೂ ರೆಸಿಸ್ಟರ್ ಬಿಡುವಿಲ್ಲದೆ ಬಿಸಿಯಾಗುತ್ತದೆ, ಸುತ್ತಲಿನ ಪ್ಲಾಸ್ಟಿಕ್ ಕರಗುತ್ತದೆ.

ಜೋಡಿಸುವುದು ಪ್ಯಾರಲಲ್ ಆಗಿ. ಅಂದರೆ ರೆಸಿಸ್ಟರಿನ ಒಂದು ಕಾಲು ಇಂಡಿಕೇಟರ್ ವಾಯರಿಗೆ, ಇನ್ನೊಂದು ಅರ್ಥಿಗೆ (ಇಂಗ್ಲಿಷಿನ ‘earth’, ಅಂದರೆ ಕಾರಿನ ಲೋಹದ ಬಾಡಿಗೆ). ಇದಕ್ಕೆ ಪ್ಲಸ್, ಮೈನಸ್ ಭೇದವಿಲ್ಲ. ವಾಯರ್ ತುಂಡರಿಸಿ ನಡುವೆ ಸೇರಿಸಿದರೆ ಅದು ಸೀರೀಸ್: ಎಲ್‌ಇಡಿ ಮಂಕಾಗುತ್ತದೆ, ಮಿಟುಕುವ ಅವಸರ ಮಾತ್ರ ನಿಲ್ಲುವುದಿಲ್ಲ. ವಾಯರಿನ ಮೇಲೆ ಚಪ್ಪಟೆಯಾಗಿ ಕಚ್ಚಿಸುವ ನೀಲಿ ಕ್ಲಿಪ್ಪನ್ನು ಅಂಗಡಿಯವರು ಜೊತೆಗೇ ಕೊಡುತ್ತಾರೆ. ಒಣ ಊರಿನಲ್ಲಿ ಅದು ನಡೆದೀತು. ಮುಂಬಯಿ, ಗೋವಾದ ಉಪ್ಪುಗಾಳಿಗೆ ಒಳಗಿನ ತಾಮ್ರ ಹಸಿರುಗಟ್ಟುತ್ತದೆ. ಸೋಲ್ಡರ್ ಮಾಡಿ ಸ್ಲೀವ್ ಹಾಕುವುದೇ ಲೇಸು.

ಅರ್ಥನ್ನು ದೀಪದ ಹೋಲ್ಡರಿನಿಂದ ಎರವಲು ಪಡೆಯುವ ಬದಲು, ಬಣ್ಣ ಕೆರೆದು ಹೊಳಪು ಕಂಡ ಬಾಡಿ ಬೋಲ್ಟಿಗೇ ಕೊಡಿ. ಹೋಲ್ಡರಿನ ಅರ್ಥ್ ತುಕ್ಕು ಹಿಡಿದಿದ್ದರೆ 2 ಆಂಪ್ ಪಕ್ಕದ ಬಲ್ಬುಗಳ ಮೂಲಕ ದಾರಿ ಹುಡುಕುತ್ತದೆ. ಇಂಡಿಕೇಟರ್ ಜೊತೆಗೆ ಟೈಲ್ ಲ್ಯಾಂಪೂ ಮಸುಕಾಗಿ ತಾಳ ಹಾಕುವುದು ಇದರಿಂದಲೇ.

ಇಡೀ ಕೆಲಸದಲ್ಲಿ ಹೆಚ್ಚು ಕೆಡುವುದು ರೆಸಿಸ್ಟರನ್ನು ಎಲ್ಲಿ ಕೂರಿಸಿದಿರಿ ಎಂಬುದರಲ್ಲಿ. ಎಂಜಿನ್ ಓಡುವಾಗ 14.4 ವೋಲ್ಟ್ ಸಿಕ್ಕರೆ 6 ಓಮ್ ರೆಸಿಸ್ಟರಿನಲ್ಲಿ ಸುಮಾರು 35 ವಾಟ್ ಶಾಖವಾಗುತ್ತದೆ. ಮಿಟುಕುವಾಗ ಅರ್ಧ ಹೊತ್ತು ಆರಿರುವುದರಿಂದ ಸರಾಸರಿ 17 ವಾಟ್ ಎನ್ನಿ. ಅಷ್ಟು ಶಾಖಕ್ಕೇ ಅದರ ಮೈ ನೀರು ಕುದಿಯುವಷ್ಟು ಬಿಸಿಯಾಗಬಲ್ಲದು. ಕವಚದ ಮೇಲಿನ 50 ವಾಟ್ ಲೋಹದ ತಗಡಿಗೆ ಬಿಗಿದಾಗಿನ ಲೆಕ್ಕ. ಗಾಳಿಯಲ್ಲಿ ನೇತಾಡಿಸಿದರೆ ಅದರ ಅರ್ಧವನ್ನೂ ಅದು ತಾಳದು. ಆದ್ದರಿಂದ ಡಬಲ್ ಟೇಪ್ ಬೇಡ, ಕೇಬಲ್ ಟೈ ಬೇಡ, ಬಂಪರಿನ ಪ್ಲಾಸ್ಟಿಕ್ ಬೇಡವೇ ಬೇಡ. ಕಿವಿಗಳಲ್ಲಿ ಬೋಲ್ಟ್ ಹಾಕಿ ಬರಿ ಲೋಹಕ್ಕೆ ಬಿಗಿಯಿರಿ, ನಡುವೆ ಸ್ವಲ್ಪ ಹೀಟ್ ಸಿಂಕ್ ಪೇಸ್ಟ್ ಸವರಿ. ಸುತ್ತ ನಾಲ್ಕು ಬೆರಳು ಅಗಲ ವಾಯರ್, ಕಾರ್ಪೆಟ್ ಏನೂ ತಾಗದಿರಲಿ. ತೂತು ಕೊರೆಯುವ ಮೊದಲು ತಗಡಿನ ಆಚೆ ಏನಿದೆ ಎಂದು ಇಣುಕಿ ನೋಡಿ. ಕೊರೆದ ಅಂಚಿಗೆ ಬಣ್ಣ ಹಚ್ಚದಿದ್ದರೆ ಮುಂದಿನ ಮಳೆಗಾಲಕ್ಕೆ ಅಲ್ಲಿಂದಲೇ ತುಕ್ಕು ಶುರು.

ಬ್ಯಾಟರಿ ಜೋಡಿಸಿ ಎಡ, ಬಲ, ನಂತರ ಹಜಾರ್ಡ್ ಪರೀಕ್ಷಿಸಿ. ಎಲ್‌ಇಡಿ ಹತ್ತದಿದ್ದರೆ, ಚಪ್ಪಟೆ ತಳದ ಬಲ್ಬಾದರೆ ತಿರುಗಿಸಿ ಹಾಕಿ, ಅದಕ್ಕೆ ಪ್ಲಸ್, ಮೈನಸ್ ಇರಬಹುದು. ಎಂಜಿನ್ ಓಡಿಸಿ ಹತ್ತು ನಿಮಿಷ ಹಜಾರ್ಡ್ ಬಿಟ್ಟು, ರೆಸಿಸ್ಟರ್ ಮುಟ್ಟದೆ ಸುತ್ತಲಿನ ಪ್ಲಾಸ್ಟಿಕ್ ಮಾತ್ರ ಮುಟ್ಟಿ ನೋಡಿ. ಮೆತ್ತಗಾಗಿದ್ದರೆ ಜಾಗ ಬದಲಿಸಿ. ಘಾಟಿಯಲ್ಲಿ ಮಂಜು ಎಂದು ಗಂಟೆಗಟ್ಟಲೆ ಹಜಾರ್ಡ್ ಹಾಕಿಕೊಂಡು ಓಡಿಸುವವರಿಗೆ ಈ ಪರೀಕ್ಷೆ ಇನ್ನೂ ಮುಖ್ಯ.

ಇನ್ನು ಮುಂದೆ ಎಲ್‌ಇಡಿ ನಿಜವಾಗಿ ಕೆಟ್ಟರೂ ಬಾಣದ ಗುರುತು ಎಂದಿನಂತೆಯೇ ಮಿಟುಕುತ್ತದೆ, ಏಕೆಂದರೆ ರೆಸಿಸ್ಟರ್ ತನ್ನ 2 ಆಂಪನ್ನು ಎಳೆಯುತ್ತಲೇ ಇರುತ್ತದೆ. ವಾರಕ್ಕೊಮ್ಮೆ ರಾತ್ರಿ ಸೊಸೈಟಿಯ ಪಾರ್ಕಿಂಗಿನಲ್ಲಿ ಹಜಾರ್ಡ್ ಹಾಕಿ, ಕೆಳಗಿಳಿದು ಕಾರಿಗೆ ಒಂದು ಸುತ್ತು ಬನ್ನಿ.