ತೂಕದ ಪುಸ್ತಕ ನನ್ನ ಕೈಗೆ ಬಂದ ಮೇಲೆ

ಒಂದು ಕಾಫಿ ತೋಟ ಹೇಗೆ ನಡೀತಿದೆ ಅಂತ ತಿಳಿಯಬೇಕಾದರೆ ನಾನು ಬಂಗಲೆ ಕಡೆ ನೋಡಲ್ಲ. ಕುಯ್ಲಿನ ಕಾಲದಲ್ಲಿ, ಸಂಜೆ ತೂಕ ಹಾಕುವ ಜಾಗದಲ್ಲಿ ಹೋಗಿ ನಿಲ್ಲುತ್ತೇನೆ. ಹಣ್ಣಿನ ಚೀಲ ಹೊತ್ತು ತಂದವರಿಗೆ ತಕ್ಕಡಿಯ ಮುಳ್ಳು ಕಾಣುತ್ತದಾ? ಎಲೆ-ಕಡ್ಡಿ ಅಂತ ಹೇಳಿ ಎಷ್ಟು ಕಿಲೋ ಕಳೆದರು? ಯಾಕೆ ಅಂತ ಕೇಳಿದವರಿಗೆ ಉತ್ತರ ಸಿಕ್ಕಿತಾ, ಬೈಗುಳ ಸಿಕ್ಕಿತಾ? ಮಿಕ್ಕಿದ್ದೆಲ್ಲ ಇಷ್ಟರಲ್ಲೇ ಗೊತ್ತಾಗುತ್ತದೆ.

ನಾನು ಹುಟ್ಟಿದ್ದು ಕೊಡಗಿನ ಸಿದ್ದಾಪುರದ ಕಡೆಯ ಒಂದು ತೋಟದ ಲೈನ್ ಮನೆಯಲ್ಲಿ, ಅಂದರೆ ಕೆಲಸದವರಿಗೆ ಅಂತ ತೋಟದವರು ಕಟ್ಟಿಸಿದ ಸಾಲುಮನೆಯಲ್ಲಿ. ನಾವು ಎರವರು. ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊರಗಿನವರಿಗೆ ಹೇಳುವುದಾದರೆ, ನಮ್ಮದು ಪರಿಶಿಷ್ಟ ಪಂಗಡ; ತಲೆಮಾರುಗಳಿಂದ ಬೇರೆಯವರ ಗದ್ದೆ, ತೋಟಗಳಲ್ಲಿ ದುಡಿಮೆ, ಅಲ್ಲಿನ ಸಾಲಕ್ಕೆ ಕಟ್ಟುಬಿದ್ದ ಬದುಕು. ಜೀತ ರದ್ದತಿ ಕಾಯ್ದೆ ಬಂದದ್ದು 1976ರಲ್ಲಿ. ಅದಾದ ಮೇಲೂ ಬಹಳ ಕಾಲ ನನ್ನಜ್ಜಿಯ ಹೆಸರು ಒಬ್ಬರ ಮನೆಯ ಸಾಲದ ಪುಸ್ತಕದಲ್ಲಿತ್ತು. ಅವಳಿಗೆ ಓದು ಬರುತ್ತಿರಲಿಲ್ಲ. ಸಾಲ ಎಷ್ಟಿತ್ತು ಅನ್ನೋದು ನಮ್ಮ ಮನೆಯಲ್ಲಿ ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ಆಶ್ರಮ ಶಾಲೆ, ಹಾಸ್ಟೆಲು, ಬಿ.ಕಾಂ. ಆಯಿತು. ಮೊದಲ ಸಂದರ್ಶನದಲ್ಲಿ ಒಬ್ಬರು ನಗುನಗುತ್ತಲೇ, "ನಿಮ್ಮೋರು ಸಂಬಳ ಸಿಕ್ಕಿದ ಮಾರನೇ ದಿನ ಕೆಲಸಕ್ಕೆ ಬರಲ್ವಲ್ಲಮ್ಮ" ಅಂದರು. ಕಾಫಿ ಬಂತು. ಎಲ್ಲರಿಗೂ ಪಿಂಗಾಣಿ ಕಪ್ಪು, ನನಗೊಬ್ಬಳಿಗೆ ಪೇಪರ್ ಲೋಟ. ಅಜ್ಜಿಗೆ ಚಿಪ್ಪಿನಲ್ಲಿ ಕೊಡುತ್ತಿದ್ದರಂತೆ. ಪ್ರಗತಿ ಅಂದರೆ ಪ್ರಗತಿಯೇ. ಕೆಲಸ ಸಿಗಲಿಲ್ಲ.

ಸಿಕ್ಕಿದ್ದು ಇನ್ನೊಂದು ತೋಟದಲ್ಲಿ, ತೋಟದ ಲೆಕ್ಕ ಬರೆಯುವ ವಯಸ್ಸಾದ ರೈಟರಿಗೆ ಸಹಾಯಕಿಯಾಗಿ. ಅವರು ನಿವೃತ್ತರಾದಾಗ ಆ ಜಾಗಕ್ಕೆ ನನ್ನನ್ನು ಹಾಕುವ ಮಾತು ಬಂತು. ನಾನು ಕೇಳಿದ್ದು ಒಂದೇ: ತೂಕದ ಪುಸ್ತಕ ಯಾರ ಜವಾಬ್ದಾರಿ ಅನ್ನೋದನ್ನು ಕಾಗದದಲ್ಲಿ ಬರೆದು ಕೊಡಿ. ಮಾಲೀಕರಿಗೆ ಆಶ್ಚರ್ಯವಾಯಿತು, ಆದರೂ ಬರೆದು ಕೊಟ್ಟರು. ಎಲ್ಲರನ್ನೂ 'ನೀವು' ಅನ್ನುತ್ತಿದ್ದ ಮೇಸ್ತ್ರಿ ನನ್ನನ್ನು ಮಾತ್ರ 'ನೀನು' ಅನ್ನುತ್ತಿದ್ದ. ಮನಸ್ಸು ಬದಲಾಗಲಿ ಅಂತ ನಾನು ಕಾಯಲಿಲ್ಲ. ಆ ಕಾಗದ ಇತ್ತು, ಸಾಕು.

ತಕ್ಕಡಿಯನ್ನು ಗೋದಾಮಿನ ಒಳಗಿಂದ ಕಣದ ಅಂಚಿಗೆ ತರಿಸಿ, ಮುಳ್ಳನ್ನು ಕುಯ್ಯುವವರ ಕಡೆ ತಿರುಗಿಸಿ ನಿಲ್ಲಿಸಿದೆ. ತೂಕವನ್ನು ಗಟ್ಟಿಯಾಗಿ ಕೂಗಿ ಹೇಳುವುದು, ಅದೇ ಅಂಕಿಯನ್ನು ತೋಟದ ಪುಸ್ತಕದಲ್ಲೂ ಅವರವರ ಚಿಕ್ಕ ಪುಸ್ತಕದಲ್ಲೂ ಬರೆಯುವುದು ಅಂತಾಯಿತು. ಎಲೆ-ಕಡ್ಡಿಗೆ ಕಿಲೋ ಕಳೆಯುವುದನ್ನು ಪೂರ್ತಿ ನಿಲ್ಲಿಸಿದೆ. ಚೀಲ ಸುರಿದು, ಅವರೇ ಆರಿಸಿ, ಆಮೇಲೆ ತೂಕ. ಅರ್ಧ ಗಂಟೆ ಹೆಚ್ಚು ಹಿಡಿಯುತ್ತಿತ್ತು. ಮೇಸ್ತ್ರಿಗಳು ಮಾಲೀಕರ ಹತ್ತಿರ ದೂರು ಹೇಳಿದರು.

ಮಾಲೀಕರ ಮುಂದೆ ನಾನು ನ್ಯಾಯದ ಮಾತು ಎತ್ತಲಿಲ್ಲ, ರೊಬಸ್ಟಾ ಕಾಫಿಯ ಮಾತು ಎತ್ತಿದೆ. ಜನವರಿ-ಫೆಬ್ರವರಿಯಲ್ಲಿ ಎಲ್ಲಾ ತೋಟಗಳಲ್ಲೂ ಒಟ್ಟಿಗೆ ಹಣ್ಣಾಗುತ್ತದೆ, ಎಲ್ಲರಿಗೂ ಜನ ಬೇಕು. ಪಕ್ಕದ ತೋಟದಲ್ಲಿ ಕಿಲೋಗೆ ಸ್ವಲ್ಪ ಹೆಚ್ಚು ಅಂದರೆ ಜನ ಅತ್ತ ಹೋಗುತ್ತಾರೆ. ತೂಕದ ಮೇಲೆ ನಂಬಿಕೆ ಇದ್ದರೆ ಅಷ್ಟು ಸುಲಭಕ್ಕೆ ಹೋಗಲ್ಲ, ಯಾಕಂದರೆ ಅಲ್ಲಿನ ತಕ್ಕಡಿಯನ್ನು ಅವರು ನೋಡಿದ್ದಾರೆ. ಆ ಕುಯ್ಲಿನಲ್ಲಿ ನಮ್ಮ ಲೈನು ಖಾಲಿಯಾಗಲಿಲ್ಲ. ಆಮೇಲೆ ದೂರಿನ ಸುದ್ದಿಯೇ ಇಲ್ಲ. ಹೆಂಗಸರು ನನ್ನನ್ನು 'ರೈಟ್ರಮ್ಮ' ಅನ್ನಲು ಶುರು ಮಾಡಿದ್ದೂ ಆಗಲೇ.

ಕೆಲಸದ ಹೊತ್ತಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೂಸಿನ ಮನೆ ವಿಷಯಕ್ಕೆ ಮಾತ್ರ ಕಾನೂನನ್ನೇ ಓದಬೇಕಾಯಿತು. "ಐವತ್ತು ಹೆಂಗಸರು ಇದ್ದರೆ ತಾನೇ? ನಮ್ಮಲ್ಲಿಲ್ಲ" ಅಂತ ಮ್ಯಾನೇಜರ್ ಅಂದರು. ನಾವು ನೋಡುತ್ತಿದ್ದದ್ದು 1951ರ ತೋಟ ಕಾರ್ಮಿಕರ ಕಾಯ್ದೆ. ಅದರಲ್ಲಿ ಗುತ್ತಿಗೆದಾರ ಕರೆತಂದ ಹೆಂಗಸರೂ ಲೆಕ್ಕಕ್ಕೆ ಬರುತ್ತಿದ್ದರು. ಇಲ್ಲದಿದ್ದರೆ ಕೆಲಸ ಮಾಡುವ ಹೆಂಗಸರ ಮಕ್ಕಳು 20 ಇದ್ದರೂ ಸಾಕಿತ್ತು. ಮಕ್ಕಳ ಹೆಸರು ಬರೆದ ಪಟ್ಟಿಯನ್ನು ಮೇಜಿನ ಮೇಲಿಟ್ಟೆ. ಹಳೇ ಗೊಬ್ಬರದ ಕೋಣೆಗೆ ಸುಣ್ಣ ಹೊಡೆಸಿ, ಆಯಾ ಒಬ್ಬಳನ್ನು ಇಟ್ಟರು.

ಸಭೆಗಳು ಬಂಗಲೆ ಮುಂದೆ ನಡೆಯುತ್ತಿದ್ದವು. ದೊಡ್ಡವರು ಜಗಲಿ ಮೇಲೆ, ನಮ್ಮವರು ಕೆಳಗೆ ಅಂಗಳದಲ್ಲಿ. ಅಲ್ಲಿ ಯಾವ ಎರವ ಹೆಂಗಸು ಬಾಯಿ ಬಿಡುತ್ತಾಳೆ? ಸಭೆಯನ್ನು ಲೈನ್ ಹತ್ತಿರಕ್ಕೆ ತಂದೆ; ಮಾಲೀಕರಿಗೂ ಅದೇ ಬೆಂಚು. ಆನೆ ಓಡಾಡುವ ಕಡೆ ಬೆಳಕು ಹರಿಯುವ ಮುಂಚೆ ಕೆಲಸಕ್ಕೆ ಕರೆಯಬೇಡಿ ಅನ್ನೋ ಮಾತು ಬಂದದ್ದು ಆ ಬೆಂಚಿನಿಂದಲೇ. ರಜೆಯ ವಿಷಯವೂ ಅಲ್ಲೇ ಬಂತು. ಕೊಡವರ ಹಬ್ಬಗಳಾದ ಹುತ್ತರಿ, ಕೈಲ್‌ಪೊಳ್ದ್‌ಗೆ ಮೊದಲಿಂದಲೂ ರಜೆ ಇತ್ತು. ಮೇ ತಿಂಗಳಲ್ಲಿ ದೇವರಪುರದ ಕುಂಡೆ ಹಬ್ಬಕ್ಕೆ ನಮ್ಮವರು ಹೇಗೂ ಹೋಗಿಯೇ ಹೋಗುತ್ತಾರೆ, ಪುಸ್ತಕದಲ್ಲಿ ಮಾತ್ರ 'ಗೈರುಹಾಜರಿ' ಅಂತ ಬೀಳುತ್ತಿತ್ತು. ಅದನ್ನು ರಜೆ ಪಟ್ಟಿಗೆ ಸೇರಿಸಿದೆವು. (ವೇಷ ಹಾಕಿ ದೇವರನ್ನೇ ಬೈಯುವ ಹಬ್ಬ ಅದು, ರೈಟ್ರಮ್ಮನನ್ನು ಬಿಡ್ತಾರಾ? ನನಗೂ ಚೆನ್ನಾಗಿಯೇ ಬೀಳುತ್ತದೆ.)

ಈಗ ಅದೇ ಮನೆತನದ ಎಲ್ಲ ತೋಟಗಳ ಕಾರ್ಮಿಕರ ವ್ಯವಹಾರ ನನ್ನದು. ಬಗೆಹರಿಯದ್ದೂ ಇದೆ. 2016ರ ಡಿಸೆಂಬರಿನಲ್ಲಿ ಕೊಡಗಿನ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲುಗಳನ್ನು ಕೆಡವಿದಾಗ, ಲೈನ್ ಮನೆ ಬಿಟ್ಟು ಕಾಡಂಚಿನ ಪ್ಲಾಸ್ಟಿಕ್ ಗುಡಿಸಲಿಗೆ ಯಾಕೆ ಹೋಗ್ತಾರೆ ಅಂತ ಎಷ್ಟೋ ಮಂದಿ ನನ್ನನ್ನೇ ಕೇಳಿದರು. ಲೈನ್ ಮನೆ ಕೆಲಸದ ಜೊತೆ ಬರುತ್ತದೆ, ಕೆಲಸದ ಜೊತೆಗೇ ಹೋಗುತ್ತದೆ. ಅಲ್ಲಿ ಮೂವತ್ತು ವರ್ಷ ಇದ್ದವರಿಗೂ ವಿಳಾಸದ ಪತ್ರ ಕೊಡಲು ಮಾಲೀಕರಿಗೆ ಹೆದರಿಕೆ, ನಾಳೆ ಜಾಗ ಕೇಳಿದರೆ ಅಂತ. ಪಡಿತರ ಚೀಟಿಗೆ, ಮತದಾರರ ಪಟ್ಟಿಗೆ ಅನ್ನೋ ಉದ್ದೇಶ ಬರೆದು ಪತ್ರ ಕೊಡುವ ಒಪ್ಪಂದಕ್ಕೆ ಬಂದಿದ್ದೇವೆ. ಸ್ವಂತ ಮನೆಯ ಪ್ರಶ್ನೆ ನನ್ನ ಕೈ ಮೀರಿದ್ದು. ಅದಕ್ಕೆ ಗ್ರಾಮಸಭೆಯಲ್ಲಿ ಎಲ್ಲರ ಜೊತೆ ನಾನೂ ಕೈ ಎತ್ತುತ್ತೇನೆ.

ಈ ಸಲದ ಜಗಳ ಅಸ್ಸಾಂನಿಂದ ಬಂದವರ ಬಗ್ಗೆ. ಅವರ ತೂಕ ಇನ್ನೂ ಗುತ್ತಿಗೆದಾರನ ಪುಸ್ತಕದಲ್ಲಿದೆ, ಒಟ್ಟು ದುಡ್ಡು ಅವನ ಕೈಗೆ ಹೋಗುತ್ತದೆ. ಒಬ್ಬೊಬ್ಬರ ಹೆಸರೂ ನಮ್ಮ ಪುಸ್ತಕಕ್ಕೆ ಬರಬೇಕು, ಚಿಕ್ಕ ಪುಸ್ತಕ ಅವರಿಗೂ ಕೊಡಬೇಕು ಅಂತ ಹಟ ಹಿಡಿದಿದ್ದೇನೆ. ಹಾಗಾದರೆ ಜನರನ್ನು ಬೇರೆ ತೋಟಕ್ಕೆ ಕರೆದುಕೊಂಡು ಹೋಗುತ್ತೇನೆ ಅನ್ನುತ್ತಿದ್ದಾನೆ ಅವನು. ರೊಬಸ್ಟಾ ಕುಯ್ಲು ಶುರುವಾಗುವ ಮೊದಲು ಮಾಲೀಕರು ತೀರ್ಮಾನ ಹೇಳಬೇಕು.